ಕೊಡಗಿನ ಒಂದು ಹಳೆಯ ಕೋವಿ

ಮೈಸೂರಿನಿಂದ ಹುಣಸೂರಿನ ದಾರಿ ಹಿಡಿದು ಪಡುವಣಕ್ಕೆ ಸಾಗುವ ಪ್ರಯಾಣಿಕನಿಗೆ ಆನೆಚೌಕೂರಿನ ಕಾಡು ಹಿಂದಾಗಿ ತಿತಿಮತಿ ಎದುರಾದೊಡನೆ ಗಾಳಿಯ ಗುಣವೇ ಬದಲಾದಂತೆ ತೋರುತ್ತದೆ. ಗೋಣಿಕೊಪ್ಪಲನ್ನು ದಾಟಿ ಪೊನ್ನಂಪೇಟೆಯ ಕಡೆಗೆ ಹೊರಳಿದರೆ ಕಾಫಿತೋಟಗಳ ನಡುನಡುವೆ ಗದ್ದೆಯ ಬಯಲುಗಳು ತೆರೆದುಕೊಳ್ಳುತ್ತವೆ. ಈ ಬಯಲುಗಳನ್ನು ಆಗಸ್ಟ್ ತಿಂಗಳ ಕೊನೆಯಲ್ಲಿ ನೋಡಬೇಕು. ನಾಟಿ ಮುಗಿದು ಪೈರು ಬೇರು ಹಿಡಿದಿರುತ್ತದೆ. ದಕ್ಷಿಣದಲ್ಲಿ ಬ್ರಹ್ಮಗಿರಿಯ ಸಾಲು ಅರ್ಧ ಮುಗಿಲಿನಲ್ಲಿ ಅಡಗಿರುತ್ತದೆ. ಮಳೆ ಪೂರ್ತಿ ನಿಂತಿರುವುದಿಲ್ಲ. ಆದರೆ ಅದರ ಸಿಟ್ಟು ಇಳಿದಿರುತ್ತದೆ. ಜೂನ್‌ನಿಂದ ಕೆಸರಿನಲ್ಲಿ ಬಾಗಿ ದುಡಿದ ಜನ ಬೆನ್ನು ನೇರ ಮಾಡಿಕೊಂಡು ಹಬ್ಬದ ಮಾತೆತ್ತುವ ಕಾಲ ಅದು.

ಆ ಹಬ್ಬ ಕೈಲ್ ಮುಹೂರ್ತ. ಕೊಡವರ ಮಾತಿನಲ್ಲಿ ಕೈಲ್‌ಪೊಳ್ದ್. ಕೈಲ್ ಎಂದರೆ ಆಯುಧ. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ನಡೆಯುವ ಈ ಹಬ್ಬ ಕೆಲವು ನಾಡುಗಳಲ್ಲಿ ಒಂದೆರಡು ದಿನ ಹಿಂದೆ ಮುಂದಾಗುವುದೂ ಉಂಟು. ಕೃಷಿಯ ಕೆಲಸ ಬಿರುಸಾಗಿರುವಾಗ ದೇವರ ಕೋಣೆಯಲ್ಲಿ ಇರಿಸಿದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಅಂದು ಪೂಜಿಸಿ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಕೋವಿಯ ಬಾಯಿಗೆ ಸಿಕ್ಕಿಸುವ ಕೆಂಪು ಹಳದಿಯ ಹೂವಿಗೆ ತೋಕ್ ಪೂ ಎಂದೇ ಹೆಸರು. ತೋಕ್ ಎಂದರೆ ಕೋವಿ. ಬೆಂಕಿಯ ನಾಲಿಗೆಯಂತೆ ಮೇಲಕ್ಕೆ ಬಾಗಿದ ಎಸಳುಗಳ ಆ ಹೂವು ಸರಿಯಾಗಿ ಈ ದಿನಗಳಲ್ಲಿಯೇ ಬೇಲಿಗಳ ಮೇಲೆ ಅರಳಿ ನಿಲ್ಲುತ್ತದೆ.

ಬಯಲುಸೀಮೆಯವರಿಗೆ ಕೋವಿಯೆಂದರೆ ಪೋಲೀಸು, ಇಲ್ಲವೇ ಕಳ್ಳ. ಕೊಡವರ ಮನೆಯಲ್ಲಿ ಅದು ಕುಟುಂಬದ ಒಬ್ಬ ಸದಸ್ಯ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮನೆಯವರು ಕಣ್ಮುಚ್ಚಿದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯ ಅವರದು. ಪುತ್ತರಿಯಲ್ಲಿ ಹೊಸ ಕದಿರು ಕುಯ್ಯುವಾಗಲೂ ಕೋವಿ ಸದ್ದು ಮಾಡಬೇಕು. 1861ರಲ್ಲಿ ಬ್ರಿಟಿಷ್ ಸರಕಾರ ಕೊಡಗಿನವರಿಗೆ ಆಯುಧ ಕಾನೂನಿನಿಂದ ಕೊಟ್ಟ ವಿನಾಯಿತಿ ಸ್ವಾತಂತ್ರ್ಯಾನಂತರವೂ ಉಳಿದು ಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಈಗ ಕೋವಿಗೆ ಉಳಿದಿರುವ ಮುಖ್ಯ ಎದುರಾಳಿ ತೆಂಗಿನಕಾಯಿ.

ನಗುವ ಮಾತಲ್ಲ ಇದು. ಹಬ್ಬದ ಮಧ್ಯಾಹ್ನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯದಲ್ಲಿ ಮನೆತನದ ಮಾನವೇ ಪಣಕ್ಕಿರುತ್ತದೆ. ಕಿಗ್ಗಟ್ಟುನಾಡಿನ ಒಂದು ಹಳೆಯ ಮನೆಯವರು ಅಂಥದೊಂದು ಪಂದ್ಯದಲ್ಲಿ ನೆರೆಹೊರೆಯವರೆಲ್ಲರ ಎದುರಿಗೆ ತಲೆ ತಗ್ಗಿಸಬೇಕಾಯಿತು. ಅವರ .22 ರೈಫಲ್ ಚೆಕೊಸ್ಲೊವಾಕಿಯದಲ್ಲಿ ತಯಾರಾದ ಬ್ರನೋ. 1950ರ ದಶಕದ ಕೊನೆಯಲ್ಲಿ ಈಗಿನ ಯಜಮಾನರ ತಂದೆ ಕೊಂಡು ತಂದದ್ದು. ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳಲ್ಲಿ ಅದಕ್ಕೆ ಸರಿಸಾಟಿಯಿಲ್ಲವೆಂದು ಹೆಸರಾಗಿತ್ತು. ಅಂಥ ಕೋವಿಯಿಂದ ಮನೆಯವರು ಹಾರಿಸಿದ ಹತ್ತು ಗುಂಡುಗಳಲ್ಲಿ ಒಂದೂ ಕಾಯಿಯ ಹತ್ತಿರ ಸುಳಿಯಲಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಕಿರಿಯ ಮಗ ಆ ರಾತ್ರಿಯೇ ತೀರ್ಪು ಕೊಟ್ಟ: "ಅಪ್ಪಾ, ಇದರ ಆಯುಸ್ಸು ಮುಗಿಯಿತು. ಕೊಟ್ಟುಬಿಟ್ಟು ಹೊಸದು ತರೋಣ." ಯಜಮಾನರು ಮಾತಾಡಲಿಲ್ಲ. ಅವರ ತಂದೆಯ ಕೆನ್ನೆ ತಾಗಿ ತಾಗಿ ಕೋವಿಯ ಮರದ ಹಿಡಿ ಒಂದು ಕಡೆ ನುಣುಪಾಗಿತ್ತು. ಆದರೂ ಮಗನ ಮಾತಿಗೆ ಕೊಡಲು ಅವರಲ್ಲಿ ಉತ್ತರವಿರಲಿಲ್ಲ.

ಉತ್ತರವಿದ್ದದ್ದು ಅವರ ಸೋದರಮಾವನ ಮಗ, ಸೈನ್ಯದಿಂದ ನಿವೃತ್ತರಾಗಿ ಬಂದ ಹವಾಲ್ದಾರರಲ್ಲಿ. ಮರುವರ್ಷದ ಹಬ್ಬಕ್ಕೆ ನಾಲ್ಕು ದಿನವಿರುವಾಗ ಅವರು ಒಂದು ಹಳೆಯ ಚೀಲದೊಡನೆ ಆ ಮನೆಯ ಮೆಟ್ಟಿಲು ಹತ್ತಿದರು. ಕೋವಿ ಕೇಳುವ ಮೊದಲು ಅವರು ಕೇಳಿದ್ದು ಹಿಂದಿನ ವರ್ಷ ಗುಂಡು ತಾಗಿದ ಹಲಗೆಯನ್ನು. ಕಾಯಿಯ ಹಿಂದೆ ನಿಲ್ಲಿಸಿದ್ದ ಆ ಹಲಗೆ ಪುಣ್ಯಕ್ಕೆ ಸೌದೆಕೊಟ್ಟಿಗೆಯಲ್ಲಿ ಇನ್ನೂ ಉಳಿದಿತ್ತು. ಅದರಲ್ಲಿದ್ದ ನಾಲ್ಕು ತೂತುಗಳಲ್ಲಿ ಎರಡು ದುಂಡಗಿರಲಿಲ್ಲ. ಬೀಗದ ಕೈಯ ಕಿಂಡಿಯಂತೆ ಉದ್ದುದ್ದಕ್ಕೆ ಸೀಳಿದ್ದವು.

"ನೋಡು ಮಗ," ಎಂದರು ಹವಾಲ್ದಾರರು ಕಿರಿಯನನ್ನು ಕರೆದು, "ಗುಂಡು ಮೂಗು ಮುಂದೆ ಮಾಡಿ ಹೋಗಿಲ್ಲ. ಮಲಗಿಕೊಂಡು ಹೋಗಿದೆ. ಹೊಡೆದವರ ಕಣ್ಣಿನ ತಪ್ಪಲ್ಲ ಇದು. ನಳಿಗೆಗೆ ಗುಂಡನ್ನು ತಿರುಗಿಸುವ ಶಕ್ತಿ ಹೋಗಿದೆ. ಯಾಕೆ ಹೋಯಿತು ಅನ್ನುವುದನ್ನು ಮೊದಲು ನೋಡೋಣ. ಆಮೇಲೆ ಮಾರುವ ಮಾತು."

ಈ ತಿರುಗಿಸುವ ಶಕ್ತಿಯೇ ರೈಫಲಿನ ಜೀವಾಳ. ಜೋಡುನಳಿಗೆಯ ಚರ್ರೆಕೋವಿಯ ಒಳಮೈ ಕೊಳವೆಯಂತೆ ನಯವಾಗಿರುತ್ತದೆ. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಸುತ್ತುತ್ತ ಸಾಗುವ ತೋಡುಗಳನ್ನು ಕೊರೆದಿರುತ್ತಾರೆ. .22 ರೈಫಲಿನಲ್ಲಿ ಈ ಸುರುಳಿ ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಪೂರ್ಣ ಸುತ್ತು. ಮೆತ್ತನೆಯ ಸೀಸದ ಗುಂಡು ತೋಡುಗಳಿಗೆ ಕಚ್ಚಿಕೊಂಡು, ಅವು ತಿರುಗಿದಂತೆ ತಿರುಗಿ, ಸೆಕೆಂಡಿಗೆ ಸುಮಾರು 800 ಸುತ್ತಿನ ವೇಗದಲ್ಲಿ ಗಿರಕಿ ಹೊಡೆಯುತ್ತ ಹೊರಬರುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ತಿರುಗದ ಬುಗುರಿ ಬೀಳುತ್ತದೆ. ಗುಂಡಿನ ವಿಷಯವೂ ಅಷ್ಟೆ. ಆದರೆ ಆ ತೋಡುಗಳ ಆಳ ಎಷ್ಟು? ಹೆಚ್ಚೆಂದರೆ ಒಂದು ಕೂದಲೆಳೆಯ ದಪ್ಪ. ಅದು ತುಂಬಿಹೋಗಲು ಬಹಳ ಕಸ ಬೇಕಿಲ್ಲ.

ತೋಟೆ ತುಂಬಿಲ್ಲವೆಂಬುದನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಎರಡೆರಡು ಸಲ ಪರೀಕ್ಷಿಸಿ ಹವಾಲ್ದಾರರು ಬೋಲ್ಟನ್ನು ಹೊರತೆಗೆದರು. ಐಮರದ ಮೇಲೆ ಕುಳಿತು, ನಳಿಗೆಯ ಹಿಂಬದಿಯಲ್ಲಿ ಬಿಳಿ ಕಾಗದದ ಚೂರೊಂದನ್ನು ಹಿಡಿದು ಅದರ ಮೇಲೆ ಮೊಮ್ಮಗಳ ಫೋನಿನ ಬೆಳಕು ಬೀಳಿಸಿ, ಬಾಯಿಯ ಕಡೆಯಿಂದ ಇಣುಕಿದರು. ಒಳ್ಳೆಯ ನಳಿಗೆ ಹೀಗೆ ನೋಡಿದಾಗ ಕನ್ನಡಿಯ ಸುರುಳಿಮೆಟ್ಟಿಲಿನಂತೆ ಹೊಳೆಯಬೇಕು. ಈ ನಳಿಗೆಯ ಒಳಗೆ ಮೆಟ್ಟಿಲೇ ಕಾಣಲಿಲ್ಲ. ಮಾಸಲು ಬೂದು ಬಣ್ಣದ ಒಂದು ಗುಹೆ, ಅಷ್ಟೆ.

ಮನೆಯವರಿಂದ ಅವರು ಇತಿಹಾಸ ಕೆದಕಿದರು. ಎಂದೋ ಒಂದು ಮಳೆಗಾಲ ಕೋವಿಯನ್ನು ಒದ್ದೆಯಾಗಿಯೇ ಕಪಾಟಿಗೆ ಸೇರಿಸಿ ಮರೆತದ್ದುಂಟು. ಆಮೇಲೆ ಅದನ್ನು ತೊಳೆದವರಿಲ್ಲ. .22ಕ್ಕೆ ಶುಚಿ ಬೇಕಿಲ್ಲವೆಂಬ ನಂಬಿಕೆ ಕೋವಿ ಬಲ್ಲವರಲ್ಲಿಯೂ ಉಂಟು. ಗುಂಡಿಗೆ ಸವರಿದ ಮೇಣವೇ ನಳಿಗೆಯನ್ನು ಕಾಪಾಡುತ್ತದೆಂದು ಅವರ ವಾದ. ನಳಿಗೆ ನಯವಾಗಿರುವವರೆಗೆ ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಕೊಡಗಿನ ತೇವದಲ್ಲಿ ಒಮ್ಮೆ ತುಕ್ಕು ಕಚ್ಚಿತೆಂದರೆ ಕಥೆ ಬೇರೆಯಾಗುತ್ತದೆ. ತುಕ್ಕು ಕೊರೆದ ಸಣ್ಣ ಗುಳಿಗಳ ಅಂಚು, ಹಾದುಹೋಗುವ ಪ್ರತಿಯೊಂದು ಗುಂಡಿನಿಂದಲೂ ತೆಂಗಿನಕಾಯಿ ತುರಿದಂತೆ ಒಂದಿಷ್ಟು ಸೀಸವನ್ನು ತುರಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಸಿಡಿಮದ್ದಿನ ಮಸಿ, ಮಸಿಯ ಮೇಲೆ ಮೇಣ, ಅದರ ಮೇಲೆ ಮತ್ತೆ ಸೀಸ. ತಳ ಹಿಡಿದ ಪಾತ್ರೆಯಲ್ಲಿ ಮತ್ತೆ ಮತ್ತೆ ಹಾಲು ಕಾಯಿಸಿದಂತೆ ಪದರದ ಮೇಲೆ ಪದರ ಬೆಳೆಯುತ್ತದೆ. ಕಡೆಗೆ ತೋಡು ಮುಚ್ಚಿ ಗುಂಡಿಗೆ ಹಿಡಿತ ತಪ್ಪುತ್ತದೆ. ಕೋವಿ ಸತ್ತಿತೆಂದು ಮಾಲಿಕ ತಿಳಿಯುವುದು ಈ ಹಂತದಲ್ಲಿ.

ಆದರೆ ನಿಜವಾಗಿಯೂ ಸತ್ತಿರಬಹುದಾದ ಒಂದು ಜಾಗವುಂಟು. ಅದು ನಳಿಗೆಯ ಬಾಯಿ. ಗುಂಡು ಕೊನೆಯದಾಗಿ ಮುಟ್ಟುವುದು ಆ ಅಂಚನ್ನು; ಅಲ್ಲಿ ಒಂದು ಕಡೆ ಸವೆದಿದ್ದರೆ ಅಥವಾ ಮುಕ್ಕಾಗಿದ್ದರೆ ಒಳಗೆ ಎಷ್ಟು ತಿಕ್ಕಿದರೂ ಫಲವಿಲ್ಲ. ಹವಾಲ್ದಾರರು ಚೂರು ಹತ್ತಿಯನ್ನು ಕಡ್ಡಿಗೆ ಸುತ್ತಿ ಬಾಯಿಯ ಅಂಚಿನ ಸುತ್ತ ಒಳಗಿನಿಂದ ಹೊರಕ್ಕೆ ಎಳೆದೆಳೆದು ನೋಡಿದರು. ಎಲ್ಲಿಯಾದರೂ ಮುಳ್ಳಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳಬೇಕು. ಯಜಮಾನರು ಉಸಿರು ಹಿಡಿದು ನಿಂತಿದ್ದರು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. "ಅಂಚು ಗಟ್ಟಿಯಾಗಿದೆ. ಇನ್ನು ಮೂರು ದಿನ ನನಗೆ ಕೊಡಿ," ಎಂದರು ಹವಾಲ್ದಾರರು.

ಮೊದಲ ದಿನ ಕೆಲಸಕ್ಕಿಂತ ಕಾಯುವುದೇ ಹೆಚ್ಚಾಯಿತು. ಸೀಮೆಎಣ್ಣೆಗೆ ಹೊಲಿಗೆಯಂತ್ರದ ಎಣ್ಣೆ ಬೆರೆಸಿ, ನಳಿಗೆಯ ಒಳಗೆಲ್ಲ ಸವರಿ, ಕೋವಿಯನ್ನು ಬಾಯಿ ಕೆಳಗೆ ಮಾಡಿ ಮೂಲೆಯಲ್ಲಿ ಒರಗಿಸಿದರು. ಬಾಯಿ ಮೇಲೆ ಮಾಡಿಟ್ಟರೆ ಎಣ್ಣೆ ಹಿಂದಕ್ಕೆ ಹರಿದು ಮರದ ಹಿಡಿಯೊಳಗೆ ಇಂಗಿ, ವರ್ಷಗಳ ಮೇಲೆ ಮರವೇ ಮೆತ್ತಗಾಗುತ್ತದೆ. ಪದರಗಳ ಸಂದಿಗೆ ಎಣ್ಣೆ ಇಳಿಯಲು ಒಂದು ರಾತ್ರಿಯಾದರೂ ಬೇಕು. ಕಿರಿಯ ಮಗನಿಗೆ ಈ ನಿಧಾನ ಸಹನೆಯಾಗಲಿಲ್ಲ. ಕಡ್ಡಿಗೆ ಮರಳುಕಾಗದ ಸುತ್ತಿ ಉಜ್ಜಿದರೆ ಅರ್ಧ ಗಂಟೆಯ ಕೆಲಸವಲ್ಲವೇ ಎಂದ. ಹವಾಲ್ದಾರರು ನಕ್ಕರು: "ಅರ್ಧ ಗಂಟೆ ಬೇಡ, ಹತ್ತೇ ನಿಮಿಷ ಸಾಕು. ಕೊಳೆಯ ಜೊತೆಗೆ ತೋಡೂ ಹೋಗುತ್ತದೆ. ಆಮೇಲೆ ಇದರಲ್ಲಿ ಒಲೆ ಊದಬಹುದು."

ಎರಡನೆಯ ದಿನ ಚೀಲದಿಂದ ಉದ್ದನೆಯ ಹಿತ್ತಾಳೆಯ ಸರಳು ಹೊರಬಂತು. ಸೈನ್ಯದಲ್ಲಿ ಹಗ್ಗ ಕಟ್ಟಿ ಎಳೆಯುವ ಸಾಧನವನ್ನು ಬಳಸುತ್ತಾರೆ. ಇಂಗ್ಲಿಷಿನ ಪುಲ್‌ಥ್ರೂ ಎಂಬ ಅದರ ಹೆಸರು ಸಿಪಾಯಿಗಳ ಬಾಯಲ್ಲಿ ಫುಲ್ತ್ರು ಆಗಿದೆ. ಅದಕ್ಕೆ ಸಿಕ್ಕಿಸುವ ಬಟ್ಟೆಯ ಚೂರು ಚಿಂದಿ. ಬಾಳೆಲ್ಲ ಫುಲ್ತ್ರು ಎಳೆದ ಹವಾಲ್ದಾರರು ಈ ಕೋವಿಗೆ ಅದನ್ನು ಮುಟ್ಟಿಸಲಿಲ್ಲ. ಹಗ್ಗ ಓರೆಯಾಗಿ ಎಳೆದರೆ ಬಾಯಿಯ ಅಂಚನ್ನು ದಿನದಿನಕ್ಕೆ ಗರಗಸದಂತೆ ತಿನ್ನುತ್ತದೆ. ಸರಳಾದರೆ ಹಿಂಬದಿಯಿಂದ ನೇರ ಹೋಗುತ್ತದೆ. ಅದರ ಹಿಡಿ ತಿರುಗುವಂತಿರಬೇಕು. ಆಗ ತುದಿಯ ಕಂಚಿನ ಬ್ರಷ್ಷು ತೋಡುಗಳನ್ನು ಅಡ್ಡಕ್ಕೆ ದಾಟದೆ ಅವುಗಳ ಗುಂಟವೇ ಸುತ್ತುತ್ತದೆ. ಬ್ರಷ್ಷನ್ನು ನಡುದಾರಿಯಲ್ಲಿ ಹಿಂದಕ್ಕೆಳೆಯಬಾರದು. ಬಾಯಿಯಾಚೆ ಪೂರ್ತಿ ಹೊರಬಂದ ಮೇಲೆಯೇ ಮರಳಿ ಎಳೆಯಬೇಕು. ಪ್ರತಿ ಸಲವೂ ಸರಳನ್ನು ಒರಸಬೇಕು, ಇಲ್ಲವಾದರೆ ಅದಕ್ಕಂಟಿದ ಹರಳೇ ನಳಿಗೆಯನ್ನು ಗೀರುತ್ತದೆ. ಇಷ್ಟನ್ನೂ ಅವರು ಹೇಳಿದ್ದು ಕಡಿಮೆ, ಮಾಡಿ ತೋರಿಸಿದ್ದು ಹೆಚ್ಚು.

ಹತ್ತು ಸಲ ಬ್ರಷ್ಷು, ಆಮೇಲೆ ಎರಡು ಚಿಂದಿ. ಮೊದಲಿನ ಚಿಂದಿಗಳು ಕಾಡಿಗೆಯಂತೆ ಕಪ್ಪಾಗಿ ಬಂದವು. ಮತ್ತೆ ಎಣ್ಣೆ, ಮತ್ತೆ ಬ್ರಷ್ಷು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು; ಇನ್ನೇನು ಮುಗಿಯಿತೆಂದು ಎಲ್ಲರೂ ಭಾವಿಸಿದರು. ಹವಾಲ್ದಾರರು ಬಿಗಿಯಾದ ಚಿಂದಿಯೊಂದನ್ನು ನಿಧಾನವಾಗಿ ತಳ್ಳುತ್ತ, ಕಿರಿಯನ ಕೈಯನ್ನು ಸರಳಿನ ಮೇಲಿರಿಸಿ, "ಇಲ್ಲಿ ತಡೆಯುತ್ತದೆ, ತಿಳಿಯಿತೇ? ಇಲ್ಲಿ ಜಾರುತ್ತದೆ. ಇನ್ನೂ ಮುಂದೆ ಮತ್ತೆ ತಡೆಯುತ್ತದೆ," ಎಂದರು. ಕಣ್ಣಿಗೆ ಕಾಣದ ಒಳಗನ್ನು ಕೈ ಓದುತ್ತಿತ್ತು. ತೋಟೆ ಕೂರುವ ಜಾಗದ ಸ್ವಲ್ಪ ಮುಂದೆಯೂ ನಳಿಗೆಯ ನಡುಭಾಗದಲ್ಲಿಯೂ ಸೀಸ ಇನ್ನೂ ಗಟ್ಟಿಯಾಗಿ ಕೂತಿತ್ತು. ಮಸಿ ಕರಗಿತ್ತು, ಸೀಸ ಎಣ್ಣೆಗೆ ಕರಗುವ ವಸ್ತುವಲ್ಲ.

ಅದಕ್ಕೆ ತಾಮ್ರದ ಎಳೆ ಬೇಕು. ತಾಮ್ರ ಸೀಸಕ್ಕಿಂತ ಗಡಸು, ಉಕ್ಕಿಗಿಂತ ಮೃದು. ಸೀಸವನ್ನು ಕೆರೆದು ಉಕ್ಕನ್ನು ಬಿಟ್ಟುಬಿಡುತ್ತದೆ. ಮನೆಯಾಕೆ ಅಡುಗೆಮನೆಯಿಂದ ಪಾತ್ರೆ ಉಜ್ಜುವ ಕೆಂಪು ನಾರನ್ನು ತಂದುಕೊಟ್ಟರು. ಹವಾಲ್ದಾರರು ಅದಕ್ಕೆ ಅಯಸ್ಕಾಂತದ ಚೂರನ್ನು ಹಿಡಿದರು. ನಾರು ಟಕ್ಕನೆ ಅಂಟಿಕೊಂಡಿತು. ತಾಮ್ರದ ಬಣ್ಣ ಬಳಿದ ಕಬ್ಬಿಣ! ಅದು ಹಾಗೆಯೇ ಅಡುಗೆಮನೆಗೆ ಮರಳಿತು. ಕಡೆಗೆ ಹಳೆಯ ವಿದ್ಯುತ್ ತಂತಿಯೊಂದರ ಸಿಪ್ಪೆ ಸುಲಿದು, ಒಳಗಿನ ಕೂದಲಿನಂಥ ಎಳೆಗಳನ್ನು ಸವೆದ ಬ್ರಷ್ಷಿಗೆ ಸುತ್ತಿ ತಳ್ಳಿದಾಗ, ಬಾಯಿಯ ಕೆಳಗೆ ಹರಡಿದ ಬಿಳಿ ಬಟ್ಟೆಯ ಮೇಲೆ ಬೆಳ್ಳಿಯ ರೇಕಿನಂಥ ಚೂರುಗಳು ಉದುರತೊಡಗಿದವು. ಮಕ್ಕಳು ಹೆಕ್ಕಲು ಓಡಿಬಂದರು. ಹವಾಲ್ದಾರರು ಗದರಿ ದೂರ ಕಳಿಸಿದರು. ಸೀಸ ವಿಷ. ಆ ಬಟ್ಟೆಯನ್ನು ಬೇರೆಯಾಗಿ ಕಟ್ಟಿಟ್ಟು, ಸಾಬೂನಿನಿಂದ ಕೈ ತೊಳೆದ ಮೇಲೆಯೇ ಅವರು ಕಾಫಿ ಲೋಟ ಮುಟ್ಟಿದ್ದು.

ಅದೇ ಸಂಜೆ ಮನೆಯ ಇನ್ನೊಂದು ಕೋವಿಯೂ ಅವರ ಕೈಗೆ ಬಂತು. ಇಷಾಪುರದ ಕಾರ್ಖಾನೆಯ .315 ರೈಫಲ್ ಅದು. ಅದರ ಗುಂಡಿಗೆ ಹೊರಗವಚವುಂಟು. ಆದ್ದರಿಂದ ಅದು ಬಿಟ್ಟುಹೋಗುವ ಕೊಳೆ ಸೀಸವಲ್ಲ, ತಾಮ್ರ. ಅದಕ್ಕೆ ಮದ್ದು ಅಮೋನಿಯ ಬೆರೆತ ದ್ರಾವಣ. ಮೊದಲ ಚಿಂದಿ ನವಿಲಿನ ಕತ್ತಿನ ನೀಲಿಯಾಗಿ ಹೊರಬಂದಾಗ ಮಕ್ಕಳು ಮತ್ತೆ ಬಂದು ಮುತ್ತಿದರು. ಆ ನೀಲಿ ತಾಮ್ರ ಕರಗಿದುದರ ಗುರುತು. ಚಿಂದಿ ಬಿಳಿಯಾಗಿ ಬಂದರೆ ಕೆಲಸ ಮುಗಿಯಿತು. ಇದಕ್ಕೆ ಕಂಚಿನ ಬ್ರಷ್ಷು ಹಾಕಿದರೆ ಬ್ರಷ್ಷೇ ಕರಗಿ ಸುಳ್ಳು ನೀಲಿ ತೋರಿಸುತ್ತದೆಂದು ನೈಲಾನಿನದನ್ನು ಬಳಸಿದರು. ಹಿಂದಿನ ಕಾಲದ ತೋಟೆಗಳ ಸಿಡಿಮದ್ದು ಒಂದು ಬಗೆಯ ಉಪ್ಪನ್ನೂ ನಳಿಗೆಯಲ್ಲಿ ಬಿಡುತ್ತಿತ್ತಂತೆ. ಉಪ್ಪು ತೇವವನ್ನೆಳೆದು ಒಂದೆರಡು ದಿನದಲ್ಲಿ ತುಕ್ಕು ತರುತ್ತಿತ್ತು. ಎಣ್ಣೆಗೆ ಉಪ್ಪು ಕರಗದು. ಆದ್ದರಿಂದ ಆಗಿನ ಸಿಪಾಯಿಗಳು ಆಲಿಕೆಯಿಟ್ಟು ಕುದಿಯುವ ನೀರು ಹೊಯ್ದು ನಳಿಗೆ ತೊಳೆಯುತ್ತಿದ್ದರು. ಮಳೆಯ ನಾಡಿನಲ್ಲಿ ಕೋವಿಗೆ ನೀರೇ ಔಷಧವೆಂದರೆ ಯಾರು ನಂಬುತ್ತಾರೆ!

ಮೂರನೆಯ ದಿನ ಮಧ್ಯಾಹ್ನ .22ರ ನಳಿಗೆಯಲ್ಲಿ ಮೆಟ್ಟಿಲುಗಳು ಕಾಣಿಸಿದವು. ಯಜಮಾನರು ಇಣುಕಿ ನೋಡಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಹೊಳಪಿನ ನಡುವೆ ಅಲ್ಲಲ್ಲಿ ಕರಿಯ ಚುಕ್ಕೆಗಳಿದ್ದವು. ತುಕ್ಕು ತಿಂದ ಗುಳಿಗಳು. ಅವನ್ನು ತೆಗೆಯುವ ವಿದ್ಯೆ ಯಾರಲ್ಲಿಯೂ ಇಲ್ಲ. "ಹೊಸ ಕೋವಿ ಆಗುವುದಿಲ್ಲ," ಎಂದು ಹವಾಲ್ದಾರರು ಮುಚ್ಚುಮರೆಯಿಲ್ಲದೆ ಹೇಳಿದರು. "ಈ ಗುಳಿಗಳು ಮತ್ತೆ ಸೀಸ ಹಿಡಿಯುತ್ತವೆ. ಪ್ರತಿ ಸಲ ಹೊಡೆದ ಮೇಲೂ ತೊಳೆಯಬೇಕು. ಅಷ್ಟು ಮಾಡಿದರೆ ಗುರಿ ಇಡುತ್ತದೋ ಇಲ್ಲವೋ, ಹಬ್ಬದ ದಿನ ನೋಡೋಣ." ಕೋವಿ ಒಮ್ಮೆ ದೇವರ ಕೋಣೆ ಸೇರಿದ ಮೇಲೆ ಪೂಜೆಯ ಮುಂಚೆ ಪರೀಕ್ಷೆಗೆ ಹಾರಿಸುವ ಮಾತೇ ಇರಲಿಲ್ಲ.

ಹಬ್ಬದ ಬೆಳಿಗ್ಗೆ ಕೋವಿಗಳೆಲ್ಲ ತೋಕ್ ಪೂ ಮುಡಿದು, ಗಂಧ ಹಚ್ಚಿಸಿಕೊಂಡು, ದೀಪದ ಮುಂದೆ ಸಾಲಾಗಿ ನಿಂತವು. ಹಿರಿಯರು ಅವನ್ನೆತ್ತಿ ಕಿರಿಯರ ಕೈಗಿತ್ತರು. ಕಿರಿಯರು ಕಾಲು ಮುಟ್ಟಿ ನಮಸ್ಕರಿಸಿದರು. ಕಡಂಬುಟ್ಟು ಪಂದಿಕರಿಗಳ ಊಟವಾಯಿತು. ಅಂದು ಆ ಮನೆಯಲ್ಲಿ ಊಟ ಸಾವಕಾಶವಾಗಿ ನಡೆಯಲಿಲ್ಲವೆಂದರೆ ಅಡುಗೆಯ ತಪ್ಪಲ್ಲ.

ಗದ್ದೆಯಾಚೆ ಎತ್ತರದ ಮಣ್ಣಿನ ಬರೆಯ ಮುಂದೆ, 25 ಗಜ ದೂರದಲ್ಲಿ, ಮೊದಲು ಕಾಗದ ನಿಲ್ಲಿಸಿದರು. ಮೊದಲ ಮೂರು ಗುಂಡುಗಳು ಮೂರು ದಿಕ್ಕಿಗೆ ಹೋದವು. ಕಿರಿಯ ಮಗ ಏನೂ ಹೇಳಲಿಲ್ಲ, ಆದರೆ ಅವನ ಮುಖ ಹೇಳಿತು. ಹವಾಲ್ದಾರರು ವಿಚಲಿತರಾಗಲಿಲ್ಲ. ತೊಳೆದ ನಳಿಗೆಯಲ್ಲಿ ಉಳಿದ ಎಣ್ಣೆ ಹೋಗಿ ಗುಂಡಿನ ಮೇಣ ಸಮನಾಗಿ ಲೇಪವಾಗುವವರೆಗೆ ಹತ್ತು ಹದಿನೈದು ಗುಂಡುಗಳ ಹೊತ್ತು .22 ಹೀಗೆಯೇ ಅಲೆದಾಡುತ್ತದೆ. ದುಬಾರಿ ತೋಟೆಗಳು ಬರೆಯ ಮಣ್ಣು ಸೇರುವುದನ್ನು ಯಜಮಾನರು ಎಣಿಸುತ್ತ ನಿಂತರು. ಹನ್ನೆರಡನೆಯದರ ಮೇಲೆ ಹೊಸ ಕಾಗದ ಕಟ್ಟಿ ಐದು ಗುಂಡು ಹಾರಿಸಿದರು. ಐದು ತೂತುಗಳೂ ದುಂಡಗಿದ್ದವು. ನಾಲ್ಕು ತೂತುಗಳನ್ನು ಒಂದು ಐದು ರೂಪಾಯಿಯ ನಾಣ್ಯ ಮುಚ್ಚಿತು. ಐದನೆಯದು ಒಂದು ಬೆರಳು ಹೊರಗೆ. ಅದು ಕೋವಿಯದೋ ಕೈಯದೋ ಎಂಬ ಚರ್ಚೆ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಆಮೇಲೆ ಕಂಬದ ತುದಿಯಲ್ಲಿ ಸಿಪ್ಪೆ ಸುಲಿದ ಕಾಯಿ ಕೂತಿತು. ಹಿಂದೆ ಎತ್ತರದ ಮರದ ತುದಿಗೇ ಕಟ್ಟುತ್ತಿದ್ದರೆಂದು ಮುದುಕರು ಹೇಳುತ್ತಾರೆ; ಹಿಂದೆ ಮಣ್ಣಿನ ಬರೆಯಿರುವ ಈ ಏರ್ಪಾಡು ಅದಕ್ಕಿಂತ ವಿವೇಕದ್ದು. ನೆರೆಯ ಮನೆಗಳವರೆಲ್ಲ ಸೇರಿದ್ದರು. ಇಬ್ಬರ ಗುಂಡು ತಪ್ಪಿತು. ಮೂರನೆಯವಳಾಗಿ ಬಂದವಳು ಹಿರಿಯ ಸೊಸೆ. ಕೊಡಗಿನಲ್ಲಿ ಹೆಂಗಸರು ಕೋವಿ ಹಿಡಿಯುವುದು ವಿಶೇಷವಲ್ಲ; ಆದರೂ ಆಕೆ ಅಜ್ಜನ ಕೋವಿಯನ್ನು ಅದರ ನುಣುಪಾದ ಜಾಗಕ್ಕೆ ಕೆನ್ನೆ ತಾಗಿಸಿ ಹಿಡಿದಾಗ ಗುಂಪು ಸುಮ್ಮನಾಯಿತು. ಸದ್ದು ಬಂತು. ಕಾಯಿ ಅಲುಗಲಿಲ್ಲ. ತಪ್ಪಿತೆಂದು ಯಾರೋ ಅಂದರು. ಒಂದು ಕ್ಷಣದ ಮೇಲೆ ಕಾಯಿಯ ಹೊಟ್ಟೆಯಿಂದ ನೂಲಿನಂಥ ನೀರಿನ ಧಾರೆಯೊಂದು ಬಿಸಿಲಿನಲ್ಲಿ ಮಿನುಗುತ್ತ ಕಂಬದ ಗುಂಟ ಇಳಿಯತೊಡಗಿತು.

ಎಲ್ಲರೂ ಕಂಬದ ಕಡೆಗೆ ಓಡಿದರು. ಹವಾಲ್ದಾರರು ಓಡಲಿಲ್ಲ. ಸೊಸೆಯ ಕೈಯಿಂದ ಕೋವಿಯನ್ನು ಇಸಕೊಂಡು, ಬೋಲ್ಟು ತೆಗೆದು, ಕಿರಿಯ ಮಗನನ್ನು ಕೂಗಿ ಚಿಂದಿ ತರಲು ಹೇಳಿದರು.